ತೆರೆದ ನಾಳ ಮತ್ತೆ ಮುಚ್ಚದಿರಲಿ
ಹೃದಯಾಘಾತದ ಗುಳಿಗೆಗಳನ್ನು ನಡುವೆ ನಿಲ್ಲಿಸಬೇಡಿ

ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ಊರು. ಐವತ್ತೆರಡು ವರ್ಷದ ರೈತರೊಬ್ಬರು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪಂಪು ಹಾಕಲು ತೋಟಕ್ಕೆ ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಬದುವಿನ ಮೇಲೆ ನಡೆಯುವಾಗ ಎದೆಯ ನಡುವೆ ಗುಂಡುಕಲ್ಲು ಇಟ್ಟು ಅದುಮಿದಂತಾಗುತ್ತದೆ. ನೋವು ಎಡಗೈಗೆ ಇಳಿಯುತ್ತದೆ, ದವಡೆಗೆ ಏರುತ್ತದೆ. ಮೈಯೆಲ್ಲ ತಣ್ಣನೆಯ ಬೆವರು. ಮನೆಗೆ ಮರಳಿ, ‘ರಾತ್ರಿ ಉಂಡ ಹುರುಳಿಸಾರು ಗ್ಯಾಸ್ ಆಗಿದೆ’ ಎನ್ನುತ್ತಾರೆ. ಮನೆಯವರು ಜೀರಿಗೆ ಕಷಾಯ ಕಾಯಿಸುತ್ತಾರೆ, ಸೋಡಾ ತರಿಸುತ್ತಾರೆ, ಎದೆಗೆ ಎಣ್ಣೆ ತಿಕ್ಕುತ್ತಾರೆ. ಬೆಳಗಾಗಲಿ, ಎಂಟು ಗಂಟೆಯ ಬಸ್ಸಿಗೆ ಹೋದರಾಯಿತು ಎಂದು ತೀರ್ಮಾನವಾಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಇದು ಹೊಸ ಸಂಗತಿಯಲ್ಲ. ಈ ನಾಲ್ಕು ಗಂಟೆಗಳಲ್ಲಿ ಎಷ್ಟೋ ಮನೆಗಳ ದೀಪ ಆರಿದೆ. ಆದರೆ ಇದಕ್ಕಿಂತ ಕಡಿಮೆ ಮಾತಿಗೆ ಬರುವ ಇನ್ನೊಂದು ಅಪಾಯವಿದೆ. ಆಸ್ಪತ್ರೆ ಸೇರಿ, ನಾಳ ತೆರೆಸಿಕೊಂಡು, ನಗುನಗುತ್ತ ಮನೆಗೆ ಬಂದವರು ಮೂರು ತಿಂಗಳ ಬಳಿಕ ತಾವಾಗಿಯೇ ಗುಳಿಗೆ ನಿಲ್ಲಿಸಿ ಮತ್ತೆ ಅದೇ ಹಾಸಿಗೆಗೆ ಮರಳುವುದು. ಈ ಲೇಖನ ಮುಖ್ಯವಾಗಿ ಆ ಗುಳಿಗೆಗಳನ್ನು ಕುರಿತದ್ದು.

ಎದೆಯೊಳಗೆ ಆಗುವುದೇನು?

ಹೃದಯ ಒಂದು ಸ್ನಾಯು. ಊರಿಗೆಲ್ಲ ನೀರು ಹರಿಸುವ ಪಂಪಿಗೂ ಕರೆಂಟು ಬೇಕಲ್ಲವೆ? ಹಾಗೆಯೇ ಮೈಗೆಲ್ಲ ರಕ್ತ ತಳ್ಳುವ ಹೃದಯಕ್ಕೂ ತನ್ನದೇ ರಕ್ತ ಬೇಕು. ಅದನ್ನು ಒದಗಿಸುವ ಸಣ್ಣ ನಾಳಗಳು ಹೃದಯದ ಮೈಮೇಲೆಯೇ ಹರಡಿಕೊಂಡಿವೆ. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು, ಇವುಗಳಿಂದ ನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ಗಸಿ ಕೂಡುತ್ತದೆ. ಒಂದು ದಿನ ಆ ಗಸಿಯ ಮೇಲಿನ ತೆಳುಪೊರೆ ಬಿರಿಯುತ್ತದೆ. ಬಿರಿದ ಜಾಗವನ್ನು ಗಾಯವೆಂದೇ ಬಗೆದು ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ಹೆಪ್ಪು ನಾಳವನ್ನು ಪೂರ್ತಿ ಮುಚ್ಚಿದರೆ ಅದೇ ದೊಡ್ಡ ಹೃದಯಾಘಾತ.

ಈ ಹೆಪ್ಪಿಗೆ ಮೊದಲ ಕೈ ಹಾಕುವವು ಪ್ಲೇಟ್‌ಲೆಟ್‌ಗಳು. ಡೆಂಗಿ ಜ್ವರದ ದಿನಗಳಲ್ಲಿ ‘ಪ್ಲೇಟ್‌ಲೆಟ್ ಇಳಿಯಿತು’ ಎಂದು ಊರೆಲ್ಲ ಮಾತನಾಡುವುದು ಇವುಗಳ ಬಗ್ಗೆಯೇ. ರಕ್ತದಲ್ಲಿ ತೇಲುವ ಅತಿ ಚಿಕ್ಕ ಕಣಗಳಿವು. ಕುಡುಗೋಲು ತಾಗಿ ಬೆರಳು ಕೊಯ್ದರೆ ರಕ್ತ ನಿಲ್ಲಿಸುವ ಉಪಕಾರಿಗಳು. ಆದರೆ ಹೃದಯದ ನಾಳದೊಳಗೆ ಇವೇ ಕಣಗಳು ಕಂಟಕವಾಗುತ್ತವೆ. ಅಂಗಳದಲ್ಲಿ ಒಂದು ಕಾಗೆ ಕೂಗಿದರೆ ಉಳಿದವೂ ಬಂದು ಸೇರುವಂತೆ, ಬಿರಿದ ಜಾಗಕ್ಕೆ ಅಂಟಿದ ಕಣಗಳು ರಾಸಾಯನಿಕಗಳನ್ನು ಸುರಿಸಿ ಮಿಕ್ಕವನ್ನು ಕರೆಯುತ್ತವೆ. ನಿಮಿಷಗಳಲ್ಲಿ ಗುಂಪು ಗಡ್ಡೆಯಾಗುತ್ತದೆ.

ನಾಳ ಮುಚ್ಚಿ ಅರ್ಧ ಗಂಟೆ ಕಳೆಯುವ ಹೊತ್ತಿಗೆ ಅದರ ಪಾಲಿನ ಹೃದಯ ಸ್ನಾಯು ಸಾಯಲು ತೊಡಗುತ್ತದೆ. ಗಂಟೆ ಕಳೆದಂತೆ ಸಾವಿನ ವಲಯ ಹಿಗ್ಗುತ್ತದೆ. ಒಣಗಿದ ಪೈರಿಗೆ ಆಮೇಲೆ ಎಷ್ಟು ನೀರು ಬಿಟ್ಟರೂ ಚಿಗುರದು. ಸತ್ತ ಹೃದಯ ಸ್ನಾಯುವಿನ ಕಥೆಯೂ ಅಷ್ಟೇ.

ಅಗ್ಗದ ಗುಳಿಗೆಯ ದೊಡ್ಡ ಗುಣ

ಆಸ್ಪಿರಿನ್ ಎಂದರೆ ತಲೆನೋವಿನ ಗುಳಿಗೆ ಎಂದೇ ಹಿಂದಿನವರಿಗೆ ಗೊತ್ತು. 1899ರಿಂದ ಮಾರಾಟದಲ್ಲಿರುವ ಔಷಧಿ ಇದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾರೆನ್ಸ್ ಕ್ರೇವನ್ ಎಂಬ ಸಾಮಾನ್ಯ ವೈದ್ಯರಿದ್ದರು. ಗಂಟಲಿನ ಟಾನ್ಸಿಲ್ ತೆಗೆಸಿಕೊಂಡವರು ನೋವಿಗೆಂದು ಆಸ್ಪಿರಿನ್ ಬೆರೆತ ಚ್ಯೂಯಿಂಗ್ ಗಮ್ ಹೆಚ್ಚು ಅಗಿದಾಗ ರಕ್ತ ಬೇಗ ನಿಲ್ಲದಿರುವುದನ್ನು ಅವರು ಕಂಡರು. ರಕ್ತ ಹೆಪ್ಪುಗಟ್ಟುವುದನ್ನು ಇದು ತಡೆಯುವುದಾದರೆ ಹೃದಯಾಘಾತವನ್ನೂ ತಡೆಯಬಹುದಲ್ಲವೆ ಎಂದು ಯೋಚಿಸಿ, ತಮ್ಮ ರೋಗಿಗಳಿಗೆ ಕೊಟ್ಟು ನೋಡಿ, 1950ರಲ್ಲಿ ಬರೆದರು. ಆಗ ಯಾರೂ ಹೆಚ್ಚು ಕಿವಿಗೊಡಲಿಲ್ಲ. 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಅವರು ಆಸ್ಪಿರಿನ್ ಮೈಯೊಳಗೆ ಹೇಗೆ ಕೆಲಸ ಮಾಡುತ್ತದೆಂದು ತೋರಿಸಿದರು. 1982ರಲ್ಲಿ ಅವರು ನೊಬೆಲ್ ಬಹುಮಾನ ಹಂಚಿಕೊಂಡರು.

ಸಂಶಯ ಪೂರ್ತಿ ನೀಗಿದ್ದು 1988ರಲ್ಲಿ. ಐಸಿಸ್–2 ಎಂಬ ಆ ಪ್ರಯೋಗದಲ್ಲಿ 417 ಆಸ್ಪತ್ರೆಗಳ 17,187 ರೋಗಿಗಳಿದ್ದರು. ಕೆಲವರಿಗೆ ದಿನಕ್ಕೆ ಅರ್ಧ ಆಸ್ಪಿರಿನ್ ಗುಳಿಗೆಯಂತೆ ಒಂದು ತಿಂಗಳು ಕೊಟ್ಟರು. ಕೆಲವರಿಗೆ ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಚುಚ್ಚುಮದ್ದು, ಕೆಲವರಿಗೆ ಎರಡೂ, ಇನ್ನು ಕೆಲವರಿಗೆ ಎರಡೂ ಇಲ್ಲ. ಐದು ವಾರಗಳ ಲೆಕ್ಕ ಹೀಗಿತ್ತು: ಎರಡೂ ಸಿಗದವರಲ್ಲಿ ಸಾವಿರಕ್ಕೆ 132 ಮಂದಿ ಹೃದಯ ಮತ್ತು ರಕ್ತನಾಳದ ಕಾರಣದಿಂದ ಸತ್ತರು. ಎರಡೂ ಸಿಕ್ಕವರಲ್ಲಿ ಸಾವಿರಕ್ಕೆ 80. ಆಸ್ಪಿರಿನ್ ಒಂದರಿಂದಲೇ ಸಾವು ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲು ತಗ್ಗಿತು. ಚಹಾದ ದುಡ್ಡಿಗೂ ಕಡಿಮೆ ಬೆಲೆಯ ಗುಳಿಗೆಗೆ ಇಷ್ಟು ಗುಣ!

ಆದುದರಿಂದಲೇ ಹೃದಯಾಘಾತದ ಸಂಶಯ ಬಂದೊಡನೆ ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ನನ್ನು ನುಂಗದೆ ಅಗಿದು ತಿನ್ನಿಸುವುದು ಎಲ್ಲೆಡೆಯ ವೈದ್ಯರ ಮೊದಲ ಕ್ರಮ. ಅಗಿದರೆ ಬೇಗ ರಕ್ತ ಸೇರುತ್ತದೆ. 108ಕ್ಕೆ ಫೋನು ಮಾಡಿದಾಗ ಅಥವಾ ಹತ್ತಿರದ ವೈದ್ಯರನ್ನು ಕೇಳಿದಾಗ ಅವರು ಹೇಳಿದರೆ ಮನೆಯಲ್ಲೇ ಕೊಡಬಹುದು. ಆದರೆ ಎರಡು ಎಚ್ಚರಿಕೆ ಬೇಕು. ಆಸ್ಪಿರಿನ್ ಒಗ್ಗದವರಿಗೆ, ಹೊಟ್ಟೆಹುಣ್ಣಿನಿಂದ ರಕ್ತ ಹೋಗುತ್ತಿರುವವರಿಗೆ, ಬಾಯಿ ಸೊಟ್ಟಗಾಗಿ ಕೈಕಾಲು ಸ್ವಾಧೀನ ತಪ್ಪಿದವರಿಗೆ ಇದನ್ನು ಕೊಡಬಾರದು. ಮತ್ತೊಂದು, ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಆಸ್ಪಿರಿನ್ ಅಲ್ಲ. ಅದರಿಂದ ಹೃದಯದ ಹೆಪ್ಪಿಗೆ ಏನೂ ಉಪಯೋಗವಿಲ್ಲ. ಗುಳಿಗೆ ಹುಡುಕುತ್ತ ಗಾಡಿ ತಡಮಾಡುವುದಂತೂ ಕೂಡದು.

ನಾಳ ತೆರೆಯುವ ಎರಡು ದಾರಿ

ಗುಳಿಗೆ ಹೆಪ್ಪು ಬೆಳೆಯದಂತೆ ತಡೆಯುತ್ತದೆ. ಆಗಲೇ ಕಟ್ಟಿದ ನಾಳವನ್ನು ತೆರೆಯಬೇಕಾದರೆ ಬೇರೆ ಉಪಾಯ ಬೇಕು. ಒಂದು, ಹೆಪ್ಪು ಕರಗಿಸುವ ಚುಚ್ಚುಮದ್ದು. ಇನ್ನೊಂದು, ಕೈಯ ಅಥವಾ ತೊಡೆಯ ರಕ್ತನಾಳದ ಮೂಲಕ ಸಣ್ಣ ಕೊಳವೆ ತೂರಿಸಿ, ತುದಿಯ ಬಲೂನನ್ನು ಹಿಗ್ಗಿಸಿ ನಾಳವನ್ನು ಬಿಡಿಸಿ, ಅಲ್ಲಿ ಸ್ಟೆಂಟ್ ಎಂಬ ಲೋಹದ ಜಾಳಿಗೆಯನ್ನು ಕೂಡಿಸುವುದು. ಜನ ‘ಬಲೂನ್ ಹಾಕುವುದು’, ‘ಸ್ಪ್ರಿಂಗ್ ಕೂಡಿಸುವುದು’ ಎನ್ನುವುದು ಇದಕ್ಕೇ.

ಬಲೂನಿನ ದಾರಿ ತೋರಿಸಿದವರು ಆಂಡ್ರಿಯಾಸ್ ಗ್ರುಂಟ್‌ಜಿಗ್. ತಮ್ಮ ಮನೆಯ ಅಡುಗೆಕೋಣೆಯ ಮೇಜಿನ ಮೇಲೆ ಬಲೂನು ಕೊಳವೆಗಳನ್ನು ಜೋಡಿಸುತ್ತಿದ್ದ ಈ ವೈದ್ಯರು 1977ರ ಸೆಪ್ಟೆಂಬರ್ 16ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ, ಎಚ್ಚರವಿದ್ದ ರೋಗಿಯ ಹೃದಯದ ನಾಳವನ್ನು ಮೊದಲ ಬಾರಿ ಹೀಗೆ ಬಿಡಿಸಿದರು. 1986ರಲ್ಲಿ ಸ್ಟೆಂಟ್ ಬಂತು.

ಎರಡರಲ್ಲಿ ಯಾವುದು ಮೇಲು? ಹೊತ್ತಿಗೆ ಸಿಕ್ಕರೆ ಬಲೂನು ಮತ್ತು ಸ್ಟೆಂಟ್ ಮೇಲು. ಅದರಿಂದ ಹೆಚ್ಚು ಜನರ ನಾಳ ಚೆನ್ನಾಗಿ ತೆರೆಯುತ್ತದೆ, ಮೆದುಳಿನಲ್ಲಿ ರಕ್ತ ಸೋರುವ ಭಯವೂ ಕಡಿಮೆ. ಆದರೆ ಇ.ಸಿ.ಜಿ.ಯಲ್ಲಿ ಕಾಯಿಲೆ ಗೊತ್ತಾದ 2 ಗಂಟೆಯೊಳಗೆ ಅದು ಆಗಬೇಕು. ಘಟ್ಟದ ಮೇಲಿನ ಹಳ್ಳಿಯಿಂದಲೋ ಗಡಿಯ ತಾಲ್ಲೂಕಿನಿಂದಲೋ ದೊಡ್ಡ ಆಸ್ಪತ್ರೆಗೆ 2 ಗಂಟೆಯಲ್ಲಿ ಮುಟ್ಟುವುದು ಕಷ್ಟ. ಅಂಥವರಿಗೆ ಹತ್ತಿರದ ಆಸ್ಪತ್ರೆಯಲ್ಲೇ ಚುಚ್ಚುಮದ್ದು ಕೊಟ್ಟು, ಆಮೇಲೆ ಸ್ಟೆಂಟ್ ಸೌಕರ್ಯವಿರುವಲ್ಲಿಗೆ ಸಾಗಿಸಿ ನಾಳ ಪರೀಕ್ಷೆ ಮಾಡುವುದು ಸರಿಯಾದ ಕ್ರಮ.

ನೆರೆಯ ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡ ಆಸ್ಪತ್ರೆಗಳಿಗೆ ಹೀಗೆ ಜೋಡಿಸಿ ನೋಡಿದ್ದಾರೆ. 2,420 ರೋಗಿಗಳ ಆ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಜೋಡಣೆಗೆ ಮೊದಲು ಒಂದು ವರ್ಷದೊಳಗೆ ನೂರಕ್ಕೆ 17.6 ಮಂದಿ ಸಾಯುತ್ತಿದ್ದರೆ, ಬಳಿಕ ಅದು 14.2ಕ್ಕೆ ಇಳಿಯಿತು.

ನಮ್ಮ ರಾಜ್ಯದಲ್ಲೂ ಈ ದಾರಿ ತೆರೆದಿದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಎಲ್ಲರಿಗೂ ನೆನಪಿದೆ. ಅವರ ಹೆಸರಿನ ಹೃದಯಜ್ಯೋತಿ ಯೋಜನೆಯನ್ನು ಸರ್ಕಾರ 2023ರಲ್ಲಿ ಪ್ರಕಟಿಸಿತು. ಯೋಜನೆಗೆ ಸೇರಿದ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆಯ ತಜ್ಞರಿಗೆ ಕಳುಹಿಸುತ್ತಾರೆ. ಅವರ ಸಲಹೆಯಂತೆ ಟೆನೆಕ್ಟೆಪ್ಲೇಸ್ ಎಂಬ ಬೆಲೆಬಾಳುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂಬುದನ್ನು ಕಷ್ಟ ಬರುವ ಮೊದಲೇ, ಸಂತೆಗೆ ಹೋದ ದಿನ ವಿಚಾರಿಸಿಟ್ಟುಕೊಳ್ಳಿ.

ಒಂದು ಮಾತು ಇಲ್ಲೇ ಹೇಳಬೇಕು. ಎದೆನೋವು ಬಂದವರಿಗೆ ಊರಿನಲ್ಲಿ ‘ಗ್ಯಾಸಿಗೆ’ ಎಂದು ಸೊಂಟಕ್ಕೆ ಸೂಜಿ ಚುಚ್ಚಿಸಬೇಡಿ. ಹೆಪ್ಪು ಕರಗಿಸುವ ಮದ್ದು ಕೊಟ್ಟ ಮೇಲೆ ಆ ಸೂಜಿಯ ಜಾಗದಲ್ಲಿ ರಕ್ತ ತುಂಬಿ ಬಾವು ಬರಬಹುದು.

ತೆರೆದ ಮೇಲೆ ಕಾವಲು

ಈಗ ಮುಖ್ಯ ವಿಷಯಕ್ಕೆ ಬರೋಣ. ಸ್ಟೆಂಟ್ ಕೂಡಿಸಿದ ಮೇಲೆ ರೋಗಿಗೆ ಹಿತವೆನಿಸುತ್ತದೆ. ಆದರೆ ರಕ್ತದ ದೃಷ್ಟಿಯಲ್ಲಿ ಸ್ಟೆಂಟ್ ಒಂದು ಪರಕೀಯ ಲೋಹ. ನಾಳದ ಒಳಪೊರೆ ಅದರ ಮೇಲೆ ಬೆಳೆದು ಮುಚ್ಚುವ ತನಕ ಪ್ಲೇಟ್‌ಲೆಟ್‌ಗಳು ಅದಕ್ಕೆ ಅಂಟಲು ಹವಣಿಸುತ್ತಲೇ ಇರುತ್ತವೆ. ಅಂಟಿದರೆ ಸ್ಟೆಂಟಿನೊಳಗೇ ಹೆಪ್ಪು. ಮೊದಲಿನಷ್ಟೇ ದೊಡ್ಡ, ಹಲವರಿಗೆ ಮೊದಲಿಗಿಂತ ಮಾರಕವಾದ ಹೃದಯಾಘಾತ.

ಸ್ಟೆಂಟ್ ಬಂದ ಮೊದಲ ವರ್ಷಗಳಲ್ಲಿ ವೈದ್ಯರನ್ನು ಹೆದರಿಸಿದ್ದು ಇದೇ. ರಕ್ತ ತೆಳುವಾಗಿಸುವ ಬಲವಾದ ಔಷಧಿಗಳನ್ನು ಕೊಟ್ಟರು. ಅದರಿಂದ ರಕ್ತಸ್ರಾವ ಹೆಚ್ಚಿತು, ಹೆಪ್ಪೂ ಪೂರ್ತಿ ನಿಲ್ಲಲಿಲ್ಲ. ಜರ್ಮನಿಯ ಮ್ಯೂನಿಕ್‌ನಲ್ಲಿ 517 ರೋಗಿಗಳ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗ ದಾರಿ ತೋರಿತು. ಹಳೆಯ ಕ್ರಮದಲ್ಲಿ ನೂರಕ್ಕೆ 5.4 ಮಂದಿಯ ಸ್ಟೆಂಟ್ ಹಾಕಿದ ನಾಳ ಮತ್ತೆ ಮುಚ್ಚಿದರೆ, ಪ್ಲೇಟ್‌ಲೆಟ್ ತಡೆಯುವ ಎರಡು ಗುಳಿಗೆ ಕೊಟ್ಟವರಲ್ಲಿ 0.8 ಮಾತ್ರ. ಅಂದಿನಿಂದ ಜೋಡಿ ಗುಳಿಗೆಯೇ ಸ್ಟೆಂಟಿನ ಕಾವಲು.

ಎರಡು ಗುಳಿಗೆ ಯಾಕೆ? ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಕರೆಯಲು ಒಂದಕ್ಕಿಂತ ಹೆಚ್ಚು ಕೂಗುಗಳಿವೆ. ಆಸ್ಪಿರಿನ್ ಒಂದು ಕೂಗನ್ನು ಅಡಗಿಸುತ್ತದೆ. ಕ್ಲೋಪಿಡೋಗ್ರೆಲ್, ಪ್ರಾಸುಗ್ರೆಲ್ ಅಥವಾ ಟಿಕಾಗ್ರೆಲಾರ್, ಈ ಮೂರರಲ್ಲಿ ಯಾವುದಾದರೊಂದು ಇನ್ನೊಂದು ಕೂಗನ್ನು ತಡೆಯುತ್ತದೆ. 2009ರಲ್ಲಿ ಪ್ರಕಟವಾದ 18,624 ರೋಗಿಗಳ ಪ್ರಯೋಗದಲ್ಲಿ ಟಿಕಾಗ್ರೆಲಾರ್ ಕ್ಲೋಪಿಡೋಗ್ರೆಲ್‌ಗಿಂತ ಹೆಚ್ಚು ಜೀವ ಉಳಿಸಿತು. ಆದರೆ ಅದನ್ನು ದಿನಕ್ಕೆ ಎರಡು ಬಾರಿ ತಪ್ಪದೆ ನುಂಗಬೇಕು, ಕೆಲವರಿಗೆ ಅದರಿಂದ ಉಬ್ಬಸದಂತಾಗುವುದೂ ಉಂಟು. ಪ್ರಾಸುಗ್ರೆಲನ್ನು ಹಿಂದೆ ಪಾರ್ಶ್ವವಾಯು ಆದವರಿಗೆ ಕೊಡುವಂತಿಲ್ಲ. ಕ್ಲೋಪಿಡೋಗ್ರೆಲ್ ಅಗ್ಗ, ಹೆಪ್ಪು ಕರಗಿಸುವ ಚುಚ್ಚುಮದ್ದಿನ ಜೊತೆಗೆ ಕೊಡಲು ಅದೇ ತಕ್ಕದ್ದು. ಯಾರಿಗೆ ಯಾವುದು ಎಂಬುದು ವೈದ್ಯರ ತೀರ್ಮಾನ. ನೆರೆಮನೆಯವರ ಚೀಟಿ ನೋಡಿ ಬದಲಿಸುವಂಥದಲ್ಲ.

ದಿನವೂ ಯಾಕೆ ಎಂಬುದಕ್ಕೂ ಲೆಕ್ಕವಿದೆ. ಒಂದು ಪ್ಲೇಟ್‌ಲೆಟ್ಟಿನ ಆಯುಷ್ಯ ಹೆಚ್ಚೆಂದರೆ ಹತ್ತು ದಿನ. ಆಸ್ಪಿರಿನ್ ತಾಗಿದ ಕಣ ಬದುಕಿರುವ ತನಕ ಮಂಕಾಗಿರುತ್ತದೆ. ಆದರೆ ಮೈ ದಿನದಿನವೂ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಹೊಸ ಕಣಗಳನ್ನು ಹುಟ್ಟಿಸುತ್ತದೆ. ಹೊಸ ಕಳೆ ದಿನವೂ ಮೊಳೆಯುವ ಹೊಲದಲ್ಲಿ ಒಮ್ಮೆ ಕಳೆ ಕಿತ್ತು ಕೈತೊಳೆದುಕೊಂಡರೆ ಸಾಕೇ? ಒಂದು ವಾರ ಗುಳಿಗೆ ಬಿಟ್ಟರೆ ಕಾವಲಿಲ್ಲದ ಸ್ಟೆಂಟಿನ ಸುತ್ತ ಹೊಸ ಕಣಗಳ ದಂಡೇ ನೆರೆದಿರುತ್ತದೆ.

ನಿಲ್ಲಿಸಿದವರ ಗತಿ

ಅಮೆರಿಕದಲ್ಲಿ ಹೃದಯಾಘಾತವಾಗಿ ಔಷಧಿ ಲೇಪಿಸಿದ ಸ್ಟೆಂಟ್ ಹಾಕಿಸಿಕೊಂಡ 500 ಮಂದಿಯನ್ನು ಗಮನಿಸಿ 2006ರಲ್ಲಿ ಒಂದು ವರದಿ ಪ್ರಕಟಿಸಿದರು. ಅವರಲ್ಲಿ 68 ಮಂದಿ, ಅಂದರೆ ಏಳರಲ್ಲಿ ಒಬ್ಬರು, ಒಂದೇ ತಿಂಗಳಲ್ಲಿ ಎರಡನೆಯ ಗುಳಿಗೆ ನಿಲ್ಲಿಸಿದ್ದರು. ಮುಂದಿನ ಹನ್ನೊಂದು ತಿಂಗಳಲ್ಲಿ, ಗುಳಿಗೆ ಮುಂದುವರಿಸಿದವರಲ್ಲಿ ನೂರಕ್ಕೆ 0.7 ಮಂದಿ ಸತ್ತರೆ, ನಿಲ್ಲಿಸಿದವರಲ್ಲಿ ನೂರಕ್ಕೆ 7.5 ಮಂದಿ ಸತ್ತರು. ನಿಲ್ಲಿಸಿದವರಲ್ಲಿ ಮೊದಲೇ ಹೆಚ್ಚು ಕಾಯಿಲೆಯವರೂ ಇದ್ದಿರಬಹುದು, ಸಾವೆಲ್ಲವನ್ನೂ ಗುಳಿಗೆಯ ತಲೆಗೇ ಕಟ್ಟಲಾಗದು. ಆದರೂ ಅಂತರ ಸಣ್ಣದಲ್ಲ.

ನಿಲ್ಲಿಸಿದವರು ಯಾರು? ಹೆಚ್ಚು ವಯಸ್ಸಾದವರು, ಶಾಲೆ ಪೂರ್ತಿ ಓದದವರು, ಖರ್ಚಿಗೆ ಹೆದರಿ ವೈದ್ಯರಿಂದ ದೂರ ಉಳಿದವರು, ಆಸ್ಪತ್ರೆ ಬಿಡುವಾಗ ಗುಳಿಗೆಯ ಬಗ್ಗೆ ಯಾರೂ ಬಿಡಿಸಿ ಹೇಳದವರು. ಇವರು ಅಮೆರಿಕದವರಾದರೂ ನಮ್ಮ ಊರಿನವರಂತೆಯೇ ಕಾಣುವುದಿಲ್ಲವೆ? ತಪ್ಪು ರೋಗಿಯೊಬ್ಬನದೇ ಅಲ್ಲ. ಗುಳಿಗೆ ಎಷ್ಟು ದಿನ, ಯಾಕೆ ಎಂದು ಅವನ ಭಾಷೆಯಲ್ಲಿ ಹೇಳದೆ ಮನೆಗೆ ಕಳುಹಿಸುವುದೂ ತಪ್ಪು. ಆದುದರಿಂದ ಆಸ್ಪತ್ರೆ ಬಿಡುವ ದಿನ ಸಂಕೋಚಪಡದೆ ಕೇಳಿ: ‘ಯಾವ ಗುಳಿಗೆ, ಯಾವ ತಾರೀಖಿನ ತನಕ?’ ಉತ್ತರವನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ.

ಹೃದಯಾಘಾತದ ಬಳಿಕ ಜೋಡಿ ಗುಳಿಗೆ ಸಾಮಾನ್ಯವಾಗಿ ಒಂದು ವರ್ಷ. ರಕ್ತಸ್ರಾವದ ಭಯ ಹೆಚ್ಚಿದ್ದವರಿಗೆ ವೈದ್ಯರು ಅವಧಿ ಕಡಿಮೆ ಮಾಡುವುದುಂಟು. ಆಮೇಲೆ ಬಹುಮಂದಿಗೆ ಒಂದು ಗುಳಿಗೆ ಮುಂದುವರಿಯುತ್ತದೆ.

ರೈತರು ನೆನಪಿಡಬೇಕಾದ ಅಂಶಗಳು

1. ಎದೆಯ ನಡುವೆ ಅದುಮಿದಂತಹ ನೋವು, ಬೆವರು, ಉಸಿರು ಕಟ್ಟುವುದು ಹತ್ತು ಹದಿನೈದು ನಿಮಿಷದಲ್ಲಿ ಬಿಡದಿದ್ದರೆ 108ಕ್ಕೆ ಕರೆ ಮಾಡಿ, ಇ.ಸಿ.ಜಿ. ಇರುವ ಆಸ್ಪತ್ರೆಗೆ ಹೊರಡಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ, ಮುದುಕರಿಗೆ ನೋವು ಕಡಿಮೆಯಿದ್ದು ಬರೀ ಸುಸ್ತು, ವಾಂತಿ, ಉಬ್ಬಸ ಕಾಣಬಹುದು. ರೋಗಿಯನ್ನು ನಡೆಸಬೇಡಿ, ಬೈಕು ಓಡಿಸಲು ಬಿಡಬೇಡಿ.

2. ಗುಳಿಗೆ ಮುಗಿಯಲು ಒಂದು ವಾರ ಇರುವಾಗಲೇ ಮತ್ತೆ ತನ್ನಿ. ಬೆಲೆ ಭಾರವಾದರೆ ವೈದ್ಯರಿಗೆ ಹೇಳಿ, ಅಗ್ಗದ ಗುಳಿಗೆಗೆ ಬದಲಿಸಿಕೊಡುತ್ತಾರೆ. ಜನೌಷಧಿ ಅಂಗಡಿಗಳಲ್ಲಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಕಡಿಮೆ ಬೆಲೆಗೆ ದೊರೆಯುತ್ತವೆ. ಸುಮ್ಮನೆ ನಿಲ್ಲಿಸುವುದು ಮಾತ್ರ ಬೇಡ.

3. ಹಲ್ಲು ಕೀಳಿಸಬೇಕಾದರೆ, ಬೇರೆ ಶಸ್ತ್ರಚಿಕಿತ್ಸೆ ಇದ್ದರೆ ‘ನನಗೆ ಸ್ಟೆಂಟ್ ಹಾಕಿದೆ’ ಎಂದು ಮೊದಲೇ ಹೇಳಿ. ಹೃದಯದ ವೈದ್ಯರನ್ನು ಕೇಳದೆ ಗುಳಿಗೆ ಬಿಡಬೇಡಿ. ಅವಸರವಿಲ್ಲದ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಹುದು.

4. ಈ ಗುಳಿಗೆ ನುಂಗುವವರಿಗೆ ಸಣ್ಣ ಗಾಯದಿಂದಲೂ ರಕ್ತ ಹೆಚ್ಚು ಹೊತ್ತು ಹರಿಯುತ್ತದೆ. ಕುಡುಗೋಲು, ಕತ್ತಿ ತಾಗಿದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಸಣ್ಣ ಗಾಯಕ್ಕೆ ಹೆದರಿ ಗುಳಿಗೆ ಬಿಡಬೇಕಿಲ್ಲ. ಆದರೆ ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ತಲೆಗೆ ಪೆಟ್ಟು ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

5. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ಗುಳಿಗೆ ತಂದು ನುಂಗಬೇಡಿ. ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಹೆಚ್ಚುತ್ತದೆ. ಐಬುಪ್ರೊಫೇನ್ ಆಸ್ಪಿರಿನ್ನಿನ ಕೆಲಸಕ್ಕೂ ಅಡ್ಡಬರುತ್ತದೆ.

6. ಡೆಂಗಿಯ ಕಾಲದಲ್ಲಿ ಜ್ವರ ಬಂದರೆ, ನೀವು ಈ ಗುಳಿಗೆ ತೆಗೆದುಕೊಳ್ಳುತ್ತಿರುವುದನ್ನು ಮೊದಲ ದಿನವೇ ವೈದ್ಯರಿಗೆ ತಿಳಿಸಿ.

7. ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡಿ. ಅವನ್ನು ಬಿಡದೆ ಗುಳಿಗೆ ನುಂಗುವುದು ಬದು ಒಡೆದ ಗದ್ದೆಗೆ ನೀರು ಕಟ್ಟಿದಂತೆ.

ಮೊದಲು ಹೇಳಿದ ರೈತರ ವಿಷಯಕ್ಕೆ ಮರಳೋಣ. ಎಂಟರ ಬಸ್ಸಿಗೆ ಕಾಯದೆ ನಾಲ್ಕೂಕಾಲಿಗೇ ಮಗ ಫೋನು ಮಾಡಿದ, ಐದೂವರೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಚುಚ್ಚುಮದ್ದು ಸಿಕ್ಕಿತು, ಮರುದಿನ ಸ್ಟೆಂಟ್ ಆಯಿತು ಎಂದೇ ಇಟ್ಟುಕೊಳ್ಳೋಣ. ಅಲ್ಲಿಗೆ ವೈದ್ಯರ ಕೆಲಸದ ದೊಡ್ಡ ಪಾಲು ಮುಗಿಯಿತು. ಮಿಕ್ಕದ್ದು ಮನೆಯವರ ಕೈಯಲ್ಲಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಗುರುತು ಹಾಕುವ ಮನೆಯಾಕೆ, ಅದರ ಪಕ್ಕದಲ್ಲೇ ಗುಳಿಗೆಗೂ ದಿನಕ್ಕೊಂದು ಗೆರೆ ಎಳೆದರೆ ಸಾಕು. ಒಂದು ವರ್ಷದಲ್ಲಿ ಒಂದು ಗೆರೆಯೂ ತಪ್ಪದಿರಲಿ.